ಹಳೇ ಓಮ್ನಿ, ಹಳೇ ರಬ್ಬರ್

ನಮ್ಮ ಸುಳ್ಯ, ಪುತ್ತೂರು ಕಡೆ ಯಾರದ್ದಾದ್ರೂ ಓಮ್ನಿ ಕೊಡ್ಲಿಕ್ಕುಂಟು ಅಂತ ಸುದ್ದಿ ಆದ್ರೆ ನೋಡ್ಲಿಕ್ಕೆ ಬಂದವರು ಮೊದಲು ಬಗ್ಗಿ ನೋಡುವುದು ಮೀಟರನ್ನು. 40 ಸಾವಿರ ಕಿಲೋಮೀಟರ್ ಅಂತ ಕಂಡ್ರೆ ಅಲ್ಲಿಗೆ ಅರ್ಧ ವ್ಯಾಪಾರ ಆಯ್ತು. "ತೋಟದ ಮನೆಯವರದ್ದು, ಪೇಟೆಗೆ ಹೋಗ್ಲಿಕ್ಕೆ ಬಿಟ್ರೆ ತೆಗೀತಿರ್ಲಿಲ್ಲ, ಶೆಡ್ಡಲ್ಲೇ ಇತ್ತು" ಅಂತ ಕೊಡುವವರು ಹೇಳ್ತಾರೆ, ಹೆಚ್ಚಾಗಿ ಅದು ಸುಳ್ಳೂ ಅಲ್ಲ. ಇಂಜಿನ್, ಗೇರ್‌ಬಾಕ್ಸ್, ಬೇರಿಂಗ್ ಇವಕ್ಕೆ ಆ ಲೆಕ್ಕ ಸರಿ, ಓಡಿದಷ್ಟು ಸವೀತದೆ. ಆದ್ರೆ ಗಾಡಿಯಲ್ಲಿ ಕಬ್ಬಿಣ ಮಾತ್ರ ಇರುವುದಲ್ಲ, ಪೆಟ್ರೋಲ್ ಪೈಪು, ರೇಡಿಯೇಟರ್ ಹೋಸು, ಬ್ರೇಕ್ ಹೋಸು, ಬ್ರೇಕಿನ ವೀಲ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್, ಇಂಜಿನ್ ಕೂರುವ ರಬ್ಬರ್ ಮೌಂಟಿಂಗು, ಪಟ್ಟಿ (ಲೀಫ್ ಸ್ಪ್ರಿಂಗ್) ಬುಷ್ಷು, ಗ್ಲಾಸಿನ ಸುತ್ತಲಿನ ರಬ್ಬರ್ ಪಟ್ಟಿ ಅಂದ್ರೆ ಬೀಡಿಂಗು, ಬಾಗಿಲಿನ ರೋಲರು, ಡ್ಯಾಶ್‌ಬೋರ್ಡಿನ ಕ್ಲಿಪ್ಪು ಹೀಗೆ ಹುಡುಕ್ತಾ ಹೋದ್ರೆ ಮೆತ್ತಗಿನ ಸಾಮಾನುಗಳೇ ರಾಶಿ ಉಂಟು, ಇವೆಲ್ಲ ಗಾಡಿ ಓಡ್ಲಿ ಓಡದೇ ಇರ್ಲಿ ಅದರಷ್ಟಕ್ಕೆ ಹಳತಾಗ್ತಾ ಇರ್ತವೆ. 2005ರ ಮಾಡೆಲ್ ಗಾಡಿ ಶೆಡ್ಡಲ್ಲಿ ಮಲಗಿದ್ರೂ ಅದರ ಬ್ರೇಕ್ ಹೋಸಿನ ವಯಸ್ಸು 2005ರಿಂದಲೇ ಲೆಕ್ಕ. ಹಾಗಾಗಿ ನಾನು ಯಾರು ಕೇಳಿದ್ರೂ ಹೇಳುವುದು, ಮೀಟರ್ ಆಮೇಲೆ ನೋಡಿ, ಮೊದಲು ಆರ್‌ಸಿಯಲ್ಲಿ ಇಸವಿ ನೋಡಿ, ಆಮೇಲೆ ರಬ್ಬರ್ ಯಾವಾಗ ಬದಲಿಸಿದ್ದು ಅಂತ ಕೇಳಿ.

ಓಮ್ನಿ ಬಗ್ಗೆ ಗೊತ್ತಿಲ್ಲದವರು ಕರ್ನಾಟಕದಲ್ಲಿ ಕಮ್ಮಿ, ಆದ್ರೂ ಎರಡು ಮಾತು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದದ್ದು, ಓಮ್ನಿ ಅಂತ ಹೆಸರಾದದ್ದು 1988ರಲ್ಲಿ. ಮಾರುತಿ 800 ಕಾರಿನದ್ದೇ 796 ಸಿಸಿ ಮೂರು ಸಿಲಿಂಡರ್ ಇಂಜಿನ್, ಮುಂದಿನ ಸೀಟಿನ ಅಡಿಯಲ್ಲಿ. ಶಾಲೆ ಮಕ್ಕಳನ್ನು ಒಯ್ಯಲಿಕ್ಕೆ ಅದೇ, ಅಡಿಕೆ ಚೀಲ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋಗೆ ಹಾಕ್ಲಿಕ್ಕೆ ಅದೇ, ರಾತ್ರಿ ಯಾರಿಗಾದ್ರೂ ಹುಷಾರಿಲ್ಲದಿದ್ರೆ ಮಂಗಳೂರಿಗೆ ಓಡಿಸ್ಲಿಕ್ಕೂ ಅದೇ. 2019ರಲ್ಲಿ ಮಾಡುವುದು ನಿಲ್ಲಿಸಿದ್ರು. ಅಂದ್ರೆ ರೋಡಲ್ಲಿರುವ ಅತೀ ಹೊಸ ಓಮ್ನಿ ಕೂಡ ಆ ಇಸವಿಯದ್ದು, ನಮ್ಮೂರಲ್ಲಿ ಕಾಣುವುದರಲ್ಲಿ ಹೆಚ್ಚಿನವು ಅದಕ್ಕಿಂತ ಎಷ್ಟೋ ಹಳತು. ಹೊಸತು ಇನ್ನು ಬರುವುದಿಲ್ಲ, ಇರುವುದನ್ನೇ ಉಳಿಸಿಕೊಳ್ಬೇಕು ಅನ್ನುವವರು ಮೊದಲು ಕೈ ಹಾಕ್ಬೇಕಾದ್ದು ಈ ಮೆತ್ತಗಿನ ಸಾಮಾನಿಗೆ.

ರಬ್ಬರ್ ಹೇಗೆ ಹಳತಾಗ್ತದೆ ಅಂತ ಅರ್ಥ ಮಾಡ್ಕೊಳ್ಲಿಕ್ಕೆ ನಮ್ಮ ಊರಿನವರಿಗೆ ಸುಲಭ, ಯಾಕಂದ್ರೆ ಗುಡ್ಡೆಯಲ್ಲೇ ಬೆಳೀತದೆ. ಇಲ್ಲಿ ರಬ್ಬರ್ ದೊಡ್ಡದಾಗಿ ಬಂದದ್ದರಲ್ಲಿ 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಪಾಲೂ ಉಂಟು, ಸಿಲೋನಿನಿಂದ (ಈಗಿನ ಶ್ರೀಲಂಕಾ) ವಾಪಸ್ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡ್ಲಿಕ್ಕೆ ಅಂತ ಅರಣ್ಯ ಅಭಿವೃದ್ಧಿ ನಿಗಮದವರು ಸುಳ್ಯ, ಪುತ್ತೂರು ತಾಲೂಕಲ್ಲಿ ಪ್ಲಾಂಟೇಶನ್ ಮಾಡಿದ್ರು. ಈಗ ಸಣ್ಣ ಸಣ್ಣ ತೋಟದವರ ಹತ್ರಾನೂ ನಾಲ್ಕು ಮರ ಉಂಟು. ಬೆಳಿಗ್ಗೆ ಟ್ಯಾಪಿಂಗ್ ಮಾಡಿ ತಂದ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಮೆಷಿನಲ್ಲಿ ಒತ್ತಿ ಶೀಟ್ ಮಾಡಿ ಹೊಗೆಗೆ ಹಾಕುವುದು ಎಲ್ಲರಿಗೂ ಗೊತ್ತುಂಟು. ಆ ಶೀಟನ್ನು ಬಿಸಿಲಲ್ಲಿ ಜಾಸ್ತಿ ಬಿಟ್ರೆ ಅಂಟಂಟಾಗ್ತದೆ, ರೇಟೂ ಸಿಗುವುದಿಲ್ಲ. ಬಿಸಿಲು ಮತ್ತು ಗಾಳಿ ರಬ್ಬರಿಗೆ ಎಂತ ಮಾಡ್ತದೆ ಅನ್ನುವುದರ ಮೊದಲ ಪಾಠ ಅದು.

ಹಸಿ ರಬ್ಬರಿಂದ ಹೋಸ್ ಮಾಡ್ಲಿಕ್ಕಾಗುವುದಿಲ್ಲ, ಬಿಸಿಯಾದ್ರೆ ಮೆತ್ತಗೆ, ತಣ್ಣಗಾದ್ರೆ ಗಟ್ಟಿ. ಗಂಧಕ ಸೇರಿಸಿ ಬಿಸಿ ಮಾಡಿದ್ರೆ ಎರಡೂ ತೊಂದರೆ ಹೋಗ್ತದೆ ಅಂತ 1839ರಲ್ಲಿ ಕಂಡುಕೊಂಡದ್ದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಒಳಗೆ ಆಗುವುದು ಇಷ್ಟೇ, ಬಿಡಿ ಬಿಡಿಯಾಗಿ ಬಿದ್ದ ಉದ್ದ ಉದ್ದ ಹಗ್ಗಗಳಿಗೆ ಅಲ್ಲಲ್ಲಿ ಗಂಟು ಹಾಕಿದ ಹಾಗೆ ರಬ್ಬರಿನ ಎಳೆಗಳನ್ನು ಗಂಧಕ ಒಂದಕ್ಕೊಂದು ಕಟ್ತದೆ. ಗಂಟು ಹದವಾಗಿದ್ರೆ ಎಳೆದ್ರೆ ಹೋಗ್ತದೆ, ಬಿಟ್ರೆ ವಾಪಸ್ ಬರ್ತದೆ. ನನಗೆ ಯಾವಾಗ್ಲೂ ಆಶ್ಚರ್ಯ ಆಗುವುದು ಎಂತ ಅಂದ್ರೆ ಈ ಗಂಟು ಬೀಳುವ ಕೆಲಸ ಫ್ಯಾಕ್ಟರಿಯಲ್ಲಿ ಮುಗಿಯುವುದಿಲ್ಲ. ಗಾಡಿಗೆ ಹಾಕಿದ ಮೇಲೂ ಇಂಜಿನ್ ಬಿಸಿಗೆ, ಗಾಳಿಯ ಆಮ್ಲಜನಕಕ್ಕೆ ಹೊಸ ಹೊಸ ಗಂಟು ಬೀಳ್ತಾ ಹೋಗ್ತದೆ, ಹಳೇ ಎಳೆ ಅಲ್ಲಲ್ಲಿ ತುಂಡಾಗ್ತದೆ. ಗಂಟು ಹೆಚ್ಚಾದ್ರೆ ಗಟ್ಟಿಯಾಗಿ ಬಿರಿತದೆ, ಎಳೆ ತುಂಡಾಗುವುದು ಹೆಚ್ಚಾದ್ರೆ ಮೆತ್ತಗಾಗಿ ಕೈಗೆ ಅಂಟುತ್ತದೆ. ಯಾವ ಕೆಲಸದಿಂದ ಅದು ಉಪಯೋಗಕ್ಕೆ ಬಂತೋ ಅದೇ ಕೆಲಸ ಮುಂದುವರಿದು ಅದನ್ನು ಕೆಡಿಸ್ತದೆ.

ಇದಕ್ಕೆ ಬಿಸಿ ಎಷ್ಟು ಮುಖ್ಯ ಅಂದ್ರೆ ಅಂದಾಜಿಗೆ ಪ್ರತಿ 10 ಡಿಗ್ರಿ ಹೆಚ್ಚಾದ ಹಾಗೆ ಇಂಥ ಕೆಲಸದ ವೇಗ ಡಬಲ್ ಆಗ್ತದೆ. ಓಮ್ನಿಯಲ್ಲಿ ಇಂಜಿನ್ ಸೀಟಿನಡಿಯ ಇಕ್ಕಟ್ಟಲ್ಲಿ ಕೂತಿದೆ, ಘಾಟಿ ಹತ್ತಿ ಬಂದು ನಿಲ್ಲಿಸಿದ ಮೇಲೆ ಸೀಟ್ ಎತ್ತಿ ಕೈ ಇಟ್ಟು ನೋಡಿ, ಅಲ್ಲಿಂದ ಬಿಸಿ ಹೋಗ್ಲಿಕ್ಕೆ ಜಾಗವೇ ಇಲ್ಲ. ಸಂಪಾಜೆ ಘಾಟಿಯಲ್ಲಿ ಲೋಡ್ ಹಾಕಿ ಮಡಿಕೇರಿಗೆ ಹೋಗಿ ಬರುವ ಗಾಡಿಯ ಹೋಸಿಗೂ ಬಯಲಲ್ಲಿ ಓಡುವ ಗಾಡಿಯ ಹೋಸಿಗೂ ಇಸವಿ ಒಂದೇ ಇದ್ರೂ ಪ್ರಾಯ ಒಂದೇ ಅಲ್ಲ. ಇನ್ನೊಂದು ಶತ್ರು ಓಝೋನ್. ಗಾಳಿಯಲ್ಲಿ ಇರುವುದು ಚೂರೇ ಚೂರು, ಆದ್ರೆ ಎಳೆದು ಕಟ್ಟಿದ ಅಥವಾ ಬಗ್ಗಿಸಿದ ರಬ್ಬರ್ ಸಿಕ್ಕಿದ್ರೆ ಬಿಡುವುದಿಲ್ಲ, ಎಳೆತಕ್ಕೆ ಅಡ್ಡಲಾಗಿ ಸಣ್ಣ ಸಣ್ಣ ಬಿರುಕು ಬೀಳಿಸ್ತದೆ. ಅದಕ್ಕೇ ಹೋಸ್ ಚೆಕ್ ಮಾಡುವಾಗ ನೆಟ್ಟಗಿರುವಲ್ಲಿ ನೋಡಿ ಉಪಯೋಗ ಇಲ್ಲ, ಬಾಗಿದಲ್ಲಿ ಹೊರಗಿನ ಮಗ್ಗುಲು ನೋಡ್ಬೇಕು, ಆಗದಿದ್ರೆ ಸ್ವಲ್ಪ ಬಗ್ಗಿಸಿ ಟಾರ್ಚ್ ಹಾಕಿ ನೋಡ್ಬೇಕು.

ಇನ್ನು ಎಲ್ಲ ಕಪ್ಪು ರಬ್ಬರೂ ಒಂದೇ ಅಲ್ಲ, ಇದು ಗೊತ್ತಿಲ್ಲದೇ ಆಗುವ ಅನಾಹುತ ತುಂಬಾ. ಇಂಜಿನ್ ಮೌಂಟಿಂಗಿಗೆ ನಮ್ಮ ಮರದ ರಬ್ಬರೇ ಒಳ್ಳೇದು, ಅಲುಗಾಟ ತಿಂದುಕೊಳ್ಳುವುದರಲ್ಲಿ ಅದಕ್ಕೆ ಸಾಟಿ ಇಲ್ಲ, ಆದ್ರೆ ಆಯಿಲ್ ತಾಗಿದ್ರೆ ಉಬ್ಬಿ ಹಾಳಾಗ್ತದೆ. ರೇಡಿಯೇಟರ್ ಹೋಸು, ಬ್ರೇಕ್ ಹೋಸು, ಬೀಡಿಂಗು ಇವಕ್ಕೆ ಇಪಿಡಿಎಂ ಅನ್ನುವ ಜಾತಿ ಹಾಕ್ತಾರೆ, ಬಿಸಿಲು, ಓಝೋನ್, ಬಿಸಿನೀರು ತಡೀತದೆ, ಆದ್ರೆ ಅದಕ್ಕೂ ಪೆಟ್ರೋಲ್, ಇಂಜಿನ್ ಆಯಿಲ್ ಆಗುವುದಿಲ್ಲ. ಪೆಟ್ರೋಲ್ ಪೈಪಿಗೆ, ಆಯಿಲ್ ಸೀಲಿಗೆ ನೈಟ್ರೈಲ್ ಅನ್ನುವ ಇನ್ನೊಂದು ಜಾತಿ, ಅದಕ್ಕೆ ಆಯಿಲ್ ಪರವಾಗಿಲ್ಲ, ಓಝೋನ್ ಆಗುವುದಿಲ್ಲ. ಒಂದರ ಜಾಗಕ್ಕೆ ಇನ್ನೊಂದು ಹಾಕಿದ್ರೆ ಹಾಕಿದ ದಿನ ಚಂದ ಕೂತ್ಕೊಳ್ತದೆ, ತಿಂಗಳು ಕಳೆದ ಮೇಲೆ ಗೊತ್ತಾಗ್ತದೆ.

ಈಗ ನಮ್ಮ ಕರಾವಳಿಯ ಒಂದು ಅಭ್ಯಾಸದ ಬಗ್ಗೆ ಹೇಳ್ಲೇಬೇಕು. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಹಳೇ ಇಂಜಿನ್ ಆಯಿಲ್ಲೋ ಡೀಸೆಲ್ ಮಿಕ್ಸೋ ಹೊಡೆಸುವುದು. ತುಕ್ಕು ಹಿಡೀಬಾರ್ದು ಅಂತ, ಉದ್ದೇಶ ಒಳ್ಳೇದೇ, ಇಲ್ಲಿಯ ಮಳೆಗೆ ತಗಡು ಉಳಿಸ್ಕೊಳ್ಳುವುದೇ ಕಷ್ಟ. ಆದ್ರೆ ಸ್ಪ್ರೇ ಗನ್ ಹಿಡಿದವರು ತಗಡಿಗೆ ಮಾತ್ರ ಹೊಡೆಯುವುದಿಲ್ಲ, ಪಟ್ಟಿಯ ಬುಷ್, ಶಾಕಪ್ ಬುಷ್, ಬ್ರೇಕ್ ಹೋಸ್, ಸ್ಟೇರಿಂಗ್ ಬೂಟ್ ಎಲ್ಲದಕ್ಕೂ ಸ್ನಾನ ಮಾಡಿಸ್ತಾರೆ. ವರ್ಷಕ್ಕೊಮ್ಮೆ ಹೀಗೆ ಹೊಡೆಸಿದ ಗಾಡಿಯ ಬುಷ್ ಬಿಚ್ಚಿ ನೋಡಿ, ಉಬ್ಬಿ ಮೆತ್ತಗಾಗಿ ಉಗುರಲ್ಲಿ ಕೆರೆದ್ರೆ ಬರ್ತದೆ. ಕಬ್ಬಿಣ ಉಳಿಸ್ಲಿಕ್ಕೆ ಹೋಗಿ ರಬ್ಬರ್ ಕಳ್ಕೊಳ್ಳುವುದು ಯಾಕೆ, ರಬ್ಬರ್ ಇರುವ ಜಾಗಕ್ಕೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿ ಆಮೇಲೆ ಹೊಡೀರಿ ಅಂತ ಹೇಳ್ಬಹುದು, ಅಥವಾ ಒಣಗಿ ಗಟ್ಟಿಯಾಗುವ ಅಂಡರ್‌ಕೋಟಿಂಗ್ ಮಾಡಿಸ್ಬಹುದು. ಹಾಗೇ ಮೌಂಟಿಂಗ್ ಬದಲಿಸುವ ಮೊದಲು ಮೇಲಿಂದ ಆಯಿಲ್ ಎಲ್ಲಿಂದ ಇಳೀತಾ ಉಂಟು ನೋಡ್ಬೇಕು. ಇಂಜಿನ್ ಮೇಲಿನ ಮುಚ್ಚಳ ಅಂದ್ರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಗಟ್ಟಿಯಾಗಿ ಆಯಿಲ್ ಜಿನುಗ್ತಾ ಇದ್ರೆ ಹೊಸ ಮೌಂಟಿಂಗಿಗೂ ಅದೇ ಗತಿ. ಪ್ಯಾಕಿಂಗ್ ಮೊದಲು, ಮೌಂಟಿಂಗ್ ಆಮೇಲೆ.

ಬ್ರೇಕಿನದ್ದು ಸ್ವಲ್ಪ ವಿವರವಾಗಿ ಹೇಳ್ತೇನೆ, ಯಾಕಂದ್ರೆ ಇಲ್ಲಿ ಹೊರಗಿಂದ ನೋಡಿ ಏನೂ ಗೊತ್ತಾಗುವುದಿಲ್ಲ. ನನ್ನ ಬಾವನ ಓಮ್ನಿ ಬ್ರೇಕ್ ಹಿಡಿದ್ರೆ ಒಂದು ಬದಿಗೆ ಎಳೀತಿತ್ತು, ಘಾಟಿ ಇಳಿದು ನಿಲ್ಲಿಸಿದ್ರೆ ಮುಂದಿನ ಒಂದು ಚಕ್ರ ಮುಟ್ಲಿಕ್ಕಾಗದಷ್ಟು ಬಿಸಿ. ಒಂದು ವರ್ಕ್‌ಶಾಪಲ್ಲಿ ಪ್ಯಾಡ್ ಬದಲಿಸಿದ್ರು, ಆಮೇಲೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಬಿಚ್ಚಿ ಸೀಲ್ ಕಿಟ್ ಹಾಕಿದ್ರು, ಸರಿ ಆಗ್ಲಿಲ್ಲ. ಕೊನೆಗೆ ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಜಾಕ್ ಹಾಕಿ ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಚಕ್ರ ತಿರುಗ್ತದಾ ನೋಡಿದ್ರು, ಬಿಗಿ. ಮೇಲೆ ಕಬ್ಬಿಣದ ಪೈಪಿಗೆ ಹೋಸ್ ಸೇರುವ ನಟ್ ಸಡಿಲ ಮಾಡಿದ್ರು, ಆಗ್ಲೂ ಬಿಗಿ. ಆಮೇಲೆ ಕೆಳಗೆ ಕ್ಯಾಲಿಪರಿನಲ್ಲಿ ಗಾಳಿ ತೆಗೀಲಿಕ್ಕೆ ಇರುವ ಬ್ಲೀಡಿಂಗ್ ನಿಪ್ಪಲ್ ಬಿಡಿಸಿದ್ರು, ಪುಸಕ್ ಅಂತ ಆಯಿಲ್ ಹಾರಿ ಚಕ್ರ ಸಲೀಸಾಗಿ ತಿರುಗಿತು. "ನೋಡಿ ಅಣ್ಣ, ಮೇಲಿಂದ ಕೆಳಗೆ ಹೋಗ್ತದೆ, ಕೆಳಗಿಂದ ಮೇಲೆ ಬರುವುದಿಲ್ಲ, ಮಧ್ಯದಲ್ಲಿ ಇರುವುದು ಈ ಹೋಸ್ ಒಂದೇ" ಅಂದ್ರು. ಹೋಸ್ ತೆಗೆದು ಉದ್ದಕ್ಕೆ ಸೀಳಿದಾಗ ಹೊರಗೆ ಹೊಸತರ ಹಾಗೇ ಇದೆ, ಒಳಗಿನ ಪದರ ಉಬ್ಬಿ ತೂತು ಮುಚ್ಚಿಹೋಗಿದೆ. ನಾವು ಒತ್ತುವಾಗ ಇರುವ ಪ್ರೆಶರಿಗೆ ಆಯಿಲ್ ನುಗ್ಗಿ ಹೋಗ್ತದೆ, ಬಿಟ್ಟ ಮೇಲೆ ವಾಪಸ್ ಬರ್ಲಿಕ್ಕೆ ಅಷ್ಟು ಬಲ ಇಲ್ಲ, ಹಾಗೆ ಬ್ರೇಕ್ ಹಿಡಿದೇ ಇರ್ತದೆ. ಕೆಲವು ನೂರು ರೂಪಾಯಿಯ ಸಾಮಾನು, ಅದೂ ಶಾಲೆ ಮಕ್ಕಳು ಹತ್ತುವ ಜಾತಿಯ ಗಾಡಿಯಲ್ಲಿ. ಮುಂದಿನ ಎರಡು, ಹಿಂದಿನ ಆಕ್ಸೆಲ್ಲಿಗೆ ಹೋಗುವುದು, ಎಲ್ಲ ಒಟ್ಟಿಗೇ ಬದಲಿಸಿ, ಒಂದು ಹಾಳಾದ್ರೆ ಉಳಿದವಕ್ಕೂ ಅದೇ ವಯಸ್ಸು.

ಹಿಂದಿನ ಡ್ರಮ್ಮಿನ ಒಳಗೆ ವೀಲ್ ಸಿಲಿಂಡರ್, ಅದರೊಳಗೆ ಎರಡು ರಬ್ಬರ್ ಕಪ್. ಇದನ್ನು ಬಿಚ್ಚಿದಾಗ ಪೆಟ್ರೋಲಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಕಬ್ಬಿಣ ಚೊಕ್ಕ ಆಗ್ತದೆ ನಿಜ, ಆದ್ರೆ ಉಳಿದ ಹನಿ ಆ ಕಪ್ಪಿಗೆ ವಿಷ, ಉಬ್ಬಿ ತುಟಿ ಮಗುಚಿ ಬ್ರೇಕ್ ಜಾಮ್ ಆಗ್ತದೆ ಅಥವಾ ಆಯಿಲ್ ಸೋರ್ತದೆ. ಬ್ರೇಕಿನ ಒಳಗಿನ ಸಾಮಾನು ತೊಳೀಬೇಕಾದ್ದು ಹೊಸ ಬ್ರೇಕ್ ಆಯಿಲ್ಲಲ್ಲಿ ಅಥವಾ ಬ್ರೇಕ್ ಕ್ಲೀನರಲ್ಲಿ, ಹಚ್ಚುವುದಿದ್ರೆ ರಬ್ಬರಿಗೇ ಅಂತ ಬರುವ ಕೆಂಪು ಗ್ರೀಸ್, ಬೇರಿಂಗ್ ಗ್ರೀಸ್ ಅಲ್ಲ. ನಾವು ಬ್ರೇಕ್ ಆಯಿಲ್ ಅಂತ ಕರೆದ್ರೂ ಅದು ಆಯಿಲ್ ಜಾತಿಯೇ ಅಲ್ಲ, ಗ್ಲೈಕಾಲ್, ನೀರು ಹೀರ್ತದೆ, ಅದೂ ನಮ್ಮ ಮಳೆಗಾಲದ ಗಾಳಿಯಲ್ಲಿ ಕೇಳ್ಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿದ್ರೆ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಕಪ್ ಹರಿಯುವುದು ತಪ್ತದೆ.

ಪೆಟ್ರೋಲ್ ಪೈಪು ನನಗೆ ಈಗ ಎಲ್ಲಕ್ಕಿಂತ ಚಿಂತೆ ಹಚ್ಚಿರುವ ವಿಷಯ. 2023ರ ಫೆಬ್ರವರಿ 6ಕ್ಕೆ ಬೆಂಗಳೂರಲ್ಲಿ ಶೇಕಡಾ 20 ಎಥೆನಾಲ್ ಸೇರಿಸಿದ ಪೆಟ್ರೋಲನ್ನು ಪ್ರಧಾನಿ ಶುರು ಮಾಡಿದ್ರು, ಎರಡೇ ವರ್ಷದಲ್ಲಿ ಅದು ಎಲ್ಲ ಕಡೆ ಬಂತು. 2023ರ ಏಪ್ರಿಲ್ ನಂತರದ ಹೊಸ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಅದಕ್ಕೆ ತಕ್ಕ ಹಾಗೆ ಮಾಡಿದ್ದು. ಓಮ್ನಿ ನಿಂತದ್ದು ಅದಕ್ಕೂ ಮುಂಚೆ. ಎಥೆನಾಲ್ ಹಳೇ ನೈಟ್ರೈಲ್ ರಬ್ಬರಿನ ಒಳಗೆ ಹೋಗಿ ಉಬ್ಬಿಸ್ತದೆ, ಮೆತ್ತಗಿರ್ಲಿಕ್ಕೆ ಅಂತ ಸೇರಿಸಿದ ಎಣ್ಣೆಯಂಥ ಪದಾರ್ಥವನ್ನು ಕರಗಿಸಿ ಹೊರಗೆ ತರ್ತದೆ, ಆಮೇಲೆ ಗಾಡಿ ನಿಂತು ಪೈಪ್ ಒಣಗಿದಾಗ ಕುಗ್ಗಿ ಬಿರಿತದೆ. ದಿನಾ ಓಡುವ ಗಾಡಿಗಿಂತ ತಿಂಗಳುಗಟ್ಟಲೆ ನಿಂತು ಮತ್ತೆ ಸ್ಟಾರ್ಟ್ ಮಾಡುವ ಗಾಡಿಗೆ ಇದು ಜಾಸ್ತಿ ಕಷ್ಟ, ಅಂದ್ರೆ ಆ ಶೆಡ್ಡಲ್ಲೇ ಇದ್ದ ಕಮ್ಮಿ ಓಡಿದ ಗಾಡಿಗೇ. ಕಾರ್ಬೋರೇಟರ್ ಇರುವ ಹಳೇ ಓಮ್ನಿಯಲ್ಲಿ ಪೈಪ್ ಮಾತ್ರ ಅಲ್ಲ, ಫ್ಯುಯೆಲ್ ಪಂಪಿನ ಒಳಗಿನ ತೆಳು ರಬ್ಬರ್ ಪರದೆ, ಡಯಾಫ್ರಾಮ್ ಕೂಡ ಉಂಟು, ಅದು ಹರಿದ್ರೆ ಪೆಟ್ರೋಲ್ ಇಂಜಿನ್ ಆಯಿಲ್ಲಿಗೆ ಸೇರುವ ಚಾನ್ಸ್ ಇರ್ತದೆ. ಆಯಿಲ್ ಅಳತೆಯ ಕಡ್ಡಿ (ಡಿಪ್‌ಸ್ಟಿಕ್) ತೆಗೆದು ಮೂಸಿ ನೋಡಿ, ಲೆವೆಲ್ ತಾನಾಗಿ ಏರಿದ್ರೆ, ಪೆಟ್ರೋಲ್ ವಾಸನೆ ಬಂದ್ರೆ ಮುಂದೆ ಓಡಿಸ್ಬೇಡಿ.

ಬೇರೆ ಕಾರಲ್ಲಿ ಪೆಟ್ರೋಲ್ ಸೋರಿದ್ರೆ ಬಾನೆಟ್ ಅಡಿ, ಇಲ್ಲಿ ನಾವು ಕೂತ ಸೀಟಿನ ಅಡಿ, ಪಕ್ಕದಲ್ಲೇ ಕಾದ ಎಗ್ಸಾಸ್ಟ್. ಹಾಗಾಗಿ ಓಮ್ನಿಯ ಒಳಗೆ ಪೆಟ್ರೋಲ್ ವಾಸನೆ ಬಂದ್ರೆ "ಹಳೇ ಗಾಡಿ ಅಲ್ವಾ, ಸ್ವಲ್ಪ ಇರ್ತದೆ" ಅಂತ ಬಿಡುವ ವಿಷಯ ಅಲ್ಲ. ಪೈಪ್ ತರುವಾಗ ಬರೀ ಅಳತೆ ಹೇಳಿದ್ರೆ ಅಂಗಡಿಯಲ್ಲಿ ಯಾವುದಾದ್ರೂ ಕತ್ತರಿಸಿ ಕೊಡ್ತಾರೆ. ಎಥೆನಾಲ್ ತಡೆಯುವುದು ಒಳಗೆ ವೈಟಾನ್ ಅನ್ನುವ ರಬ್ಬರಿನ ಪದರ ಇರುವ ಹೋಸ್, ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಇರ್ತದೆ, ಅದನ್ನು ಓದಿ ತಗೊಳ್ಳಿ. ಎಂಪಿಎಫ್ಐ, ಅಂದ್ರೆ ಕಾರ್ಬೋರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿಯಲ್ಲಿ ಪ್ರೆಶರ್ ತುಂಬಾ ಜಾಸ್ತಿ, ಅಲ್ಲಿ ಕಾರ್ಬೋರೇಟರಿನ ಸಾದಾ ಪೈಪ್ ಹಾಕ್ಲೇಬಾರ್ದು, ಕ್ಲಿಪ್ಪೂ ಸುತ್ತಲೂ ಸಮವಾಗಿ ಬಿಗಿಯುವಂಥದ್ದೇ ಆಗ್ಬೇಕು. ಬೈಕಿಗೆ ಹಾಕುವ, ಒಳಗಿನದ್ದು ಹೊರಗೆ ಕಾಣುವ ಪ್ಲಾಸ್ಟಿಕ್ ಪೈಪ್ ಯಾವುದಕ್ಕೂ ಬೇಡ, ಬೇಗ ಹಳದಿಯಾಗಿ ಕಡ್ಡಿ ಆಗ್ತದೆ. ಗ್ಯಾಸ್ ಓಮ್ನಿ ಇರುವವರು ಗ್ಯಾಸ್ ಪೈಪಿಗೆ ಮಾತ್ರ ದಯವಿಟ್ಟು ನೀವೇ ಕೈ ಹಾಕ್ಬೇಡಿ, ಗೊತ್ತಿರುವವರ ಹತ್ರ ಮಾಡಿಸಿ.

ರೇಡಿಯೇಟರ್ ಹೋಸ್ ಒಳಗಿಂದ ಹಾಳಾಗ್ತದೆ, ಕ್ಲಿಪ್ಪಿನ ಹತ್ರದ ಒಂದೆರಡು ಇಂಚು ಮೊದಲು. ಇಂಜಿನ್ ಪೂರ್ತಿ ತಣ್ಣಗಿರುವಾಗ ಅಲ್ಲಿ ಮತ್ತು ಮಧ್ಯದಲ್ಲಿ ಎರಡೂ ಕಡೆ ಹಿಚುಕಿ ನೋಡಿ, ತುದಿ ಮೆತ್ತಗೆ ಅನ್ನಿಸಿದ್ರೆ ಬದಲಿಸ್ಬೇಕು. ಬರೀ ಬಾವಿ ನೀರು ಹಾಕಿ ಓಡಿಸುವುದು ಬೇಡ, ಕೂಲೆಂಟ್ ಹಾಕಿ.

ಪ್ಲಾಸ್ಟಿಕ್ಕಿನ ಕಥೆ ಸ್ವಲ್ಪ ಬೇರೆ. ಕಪ್ಪು ಬಂಪರ್ ಬಿಸಿಲಿಗೆ ಬೆಳ್ಳಗಾಗುವುದು ಮೇಲಿನ ಪದರ ಸುಟ್ಟು ಪುಡಿಯಾದದ್ದು, ಪಾಲಿಶ್ ಹಾಕಿದ್ರೆ ನಾಲ್ಕು ಮಳೆವರೆಗೆ, ಅಷ್ಟೇ, ಅದು ನೋಡ್ಲಿಕ್ಕೆ ಮಾತ್ರದ ವಿಷಯ, ನಾನು ತಲೆ ಕೆಡಿಸ್ಕೊಳ್ಳುವುದಿಲ್ಲ. ಕಷ್ಟ ಇರುವುದು ಒಳಗಿನ ಕ್ಲಿಪ್ಪುಗಳದ್ದು. ಡೋರ್ ಪ್ಯಾಡ್ ತೆಗೀಲಿಕ್ಕೆ ಹೋದ್ರೆ ಪಟಪಟ ಅಂತ ಮುರೀತವೆ. ಇವು ನೈಲಾನ್, ನೈಲಾನಿಗೆ ಸ್ವಲ್ಪ ನೀರಿನಂಶ ಬೇಕು, ಪೂರ್ತಿ ಒಣಗಿದ್ರೆ ಪೆಡಸು. ಹೊಸ ಕ್ಲಿಪ್ ಹಾಕುವ ಮೊದಲು ಬಿಸಿ ನೀರಲ್ಲಿ ಒಂದಷ್ಟು ಹೊತ್ತು ನೆನೆಸಿಟ್ರೆ ಬಾಗಿ ಚಂದ ಕೂತ್ಕೊಳ್ತವೆ. ಹಳೇದು ಬಿಚ್ಚುವ ಕೆಲಸ ಡಿಸೆಂಬರಿನ ಬೆಳಿಗ್ಗೆ ಚಳಿಗೆ ಶುರು ಮಾಡ್ಬೇಡಿ, ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿ ಮಧ್ಯಾಹ್ನದ ಮೇಲೆ ಬಿಚ್ಚಿ. ಗೇರ್ ಲಿವರಿನ ಅಡಿಯ ಬುಷ್ ಇನ್ನೊಂದು, ಗೇರ್ ಹಾಕುವಾಗ ಲಿವರ್ ಗಂಜಿಯಲ್ಲಿ ತಿರುಗಿದಂತಾದ್ರೆ ಗೇರ್‌ಬಾಕ್ಸ್ ಹೋಯ್ತು ಅಂತ ಹೆದರುವ ಮೊದಲು ಅದನ್ನು ನೋಡಿಸಿ.

ಓಮ್ನಿಯ ಸರಿಯುವ ಬಾಗಿಲಿನ ಭಾರ ಪೂರ್ತಿ ಕೆಲವೇ ಪ್ಲಾಸ್ಟಿಕ್ ರೋಲರುಗಳ ಮೇಲೆ. ರೋಲರ್ ಸವೆದು ಚಪ್ಪಟೆಯಾದ್ರೆ ಬಾಗಿಲು ಜೋತು ಬಿದ್ದು ಬಾಡಿಗೆ ಉಜ್ಜುತ್ತದೆ, ಆಗ ಎಲ್ಲರೂ ಮಾಡುವುದು ರೈಲಿಗೆ ಗ್ರೀಸ್ ಬಳಿಯುವುದು. ಗ್ರೀಸಿಗೆ ನಮ್ಮ ಕೆಂಪು ಮಣ್ಣು ಸೇರಿ ಉಳಿದ ರೋಲರನ್ನೂ ಅರೆದು ಹಾಕ್ತದೆ. ರೈಲು ಬಟ್ಟೆಯಲ್ಲಿ ಒರೆಸಿ ಒಣಗಿಸಿ ಇಡಿ, ರೋಲರ್ ಬದಲಿಸಿ, ಬಾಗಿಲು ಮತ್ತೆ ಒಂದು ಕೈಯಲ್ಲಿ ಸರಿತದೆ. ಸಣ್ಣ ಮಕ್ಕಳೂ ಎಳೆಯುವ ಬಾಗಿಲು ಅದು.

ಬೀಡಿಂಗ್ ಬಗ್ಗೆ ನನಗೆ ಜಾಸ್ತಿ ಪ್ರೀತಿ, ಯಾಕಂದ್ರೆ ಇಲ್ಲಿಯ ಮಳೆಗೆ ಓಮ್ನಿ ಸಾಯುವುದು ಇಂಜಿನ್ ಹೋಗಿ ಅಲ್ಲ, ನೆಲ ತೂತಾಗಿ. ಬಾಗಿಲಿನ ಬೀಡಿಂಗ್ ಗಟ್ಟಿಯಾಗಿ ಚಪ್ಪಟೆಯಾದ್ರೆ ನೀರು ಒಳಗೆ, ಮ್ಯಾಟಿನಡಿ ನೀರು ನಿಂತ್ರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ, ಆಮೇಲೆ ಟಿಂಕರಿಂಗಿಗೆ ಕೊಡುವ ದುಡ್ಡಲ್ಲಿ ಹತ್ತು ಸಲ ಬೀಡಿಂಗ್ ಹಾಕ್ಬಹುದಿತ್ತು. ಸರಿಯುವ ಕಿಟಕಿ ಗ್ಲಾಸಿನ ಅಡಿಯ ಚಾನೆಲಲ್ಲಿ ಫೆಲ್ಟ್ ಕೊಳೆತು ಪಾಚಿ ಬೆಳೆದ ಗಾಡಿ ಸುಬ್ರಹ್ಮಣ್ಯ ಕಡೆ ಬೇಕಾದಷ್ಟು ಕಾಣ್ತದೆ, ಅಲ್ಲಿ ನೀರು ಹೊರಗೆ ಹೋಗುವ ಸಣ್ಣ ತೂತು ಮುಚ್ಚಿರ್ತದೆ, ಒಂದು ತಂತಿಯಲ್ಲಿ ಬಿಡಿಸಿದ್ರೆ ಅರ್ಧ ಸಮಸ್ಯೆ ಪರಿಹಾರ. ಬೀಡಿಂಗ್ ಮೆತ್ತಗಿರ್ಲಿ ಅಂತ ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಬೇಡ, ಧೂಳು ಹಿಡೀತದೆ, ಕಮಟು ವಾಸನೆ, ಇರುವೆ ಬೇರೆ. ಸಿಲಿಕಾನ್ ಗ್ರೀಸ್ ತೆಳ್ಳಗೆ ಒಂದು ಕೈ ಸಾಕು.

ಮುಂದಿನ ದೊಡ್ಡ ಗ್ಲಾಸ್ ಈಗಿನ ಕಾರಿನ ಹಾಗೆ ಅಂಟಿಸಿದ್ದಲ್ಲ, ರಬ್ಬರ್ ಬೀಡಿಂಗಲ್ಲಿ ಕೂರಿಸಿದ್ದು. ಅದನ್ನು ಹಾಕುವುದು ನೋಡ್ಲಿಕ್ಕೇ ಚಂದ. ಬೀಡಿಂಗನ್ನು ಮೊದಲು ಗ್ಲಾಸಿನ ಸುತ್ತ ಹಾಕಿ, ಅದರ ಹೊರಗಿನ ಸೀಳಿನಲ್ಲಿ ಗಟ್ಟಿ ನೈಲಾನ್ ಹುರಿಯನ್ನು ಸುತ್ತಲೂ ಕೂರಿಸಿ ಎರಡೂ ತುದಿ ಅಡಿಯಲ್ಲಿ ಬಿಟ್ಟು, ಸೋಪಿನ ನೀರು ಹಚ್ಚಿ ಹೊರಗಿಂದ ಇಬ್ಬರು ಒತ್ತಿ ಹಿಡೀತಾರೆ, ಒಳಗಿನವ ಹುರಿಯ ತುದಿ ನಿಧಾನಕ್ಕೆ ಎಳೆದ ಹಾಗೆ ರಬ್ಬರಿನ ತುಟಿ ತಗಡನ್ನು ದಾಟಿ ಒಳಗೆ ಬಂದು ಕೂತ್ಕೊಳ್ತಾ ಹೋಗ್ತದೆ, ಹೊರಗಿನವರು ಅಂಗೈಯಲ್ಲಿ ತಟ್ತಾ ಬರ್ತಾರೆ. ಹೊಸ ಬೀಡಿಂಗ್ ಆದ್ರೆ ಸರಾಗ. ಹಳೇದನ್ನೇ ಮತ್ತೆ ಹಾಕ್ಲಿಕ್ಕೆ ಹೋದ್ರೆ ಮೂಲೆಯಲ್ಲಿ ಎದ್ದು ನಿಲ್ತದೆ, ಆಗ ಸಿಲಿಕಾನ್ ಟ್ಯೂಬ್ ಹೊಡೆದು ಮುಚ್ತಾರೆ, ಅದರ ಹಿಂದೆ ನೀರು ಸಿಕ್ಕಿ ಫ್ರೇಮಿಗೆ ತುಕ್ಕು ಹಿಡೀತದೆ. ಖಾಸಗಿ ಗಾಡಿಗೆ 15 ವರ್ಷ ಆದಾಗ ಆರ್‌ಸಿ ರಿನ್ಯೂವಲ್, ಆಮೇಲೆ ಐದೈದು ವರ್ಷಕ್ಕೊಮ್ಮೆ, ಆ ಸಮಯಕ್ಕೆ ಎಲ್ಲರೂ ಪೇಂಟಿಂಗ್ ಮಾಡಿಸ್ತಾರೆ, ಗ್ಲಾಸ್ ಬಿಚ್ಚಲೇಬೇಕಾಗ್ತದೆ. ಬೀಡಿಂಗ್ ಪೂರ್ತಿ ಸೆಟ್ ತಂದುಕೊಟ್ಟು ಹೊಸತೇ ಹಾಕಿ ಅಂತ ಹೇಳ್ಲಿಕ್ಕೆ ಅದೇ ಸರಿಯಾದ ಹೊತ್ತು, ಬೇರೆ ಲೇಬರ್ ಚಾರ್ಜೂ ಬೀಳುವುದಿಲ್ಲ.

ಇನ್ನು ಸಾಮಾನು ತರುವ ವಿಷಯ. ಓಮ್ನಿ ನಿಂತು ವರ್ಷಗಳಾಯ್ತು, 800 ಕಾರೂ 2014ರಲ್ಲೇ ನಿಂತಿತು, ಇಂಜಿನ್ ಸಾಮಾನು ಇನ್ನೂ ಸಿಗ್ತದೆ, ಬಾಡಿ ರಬ್ಬರಿಗೆ ಹುಡುಕಾಟ ಶುರು. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವವರ ಹತ್ರ ಹಳೇ ತುಂಡು ಕೊಟ್ಟು ಕಳಿಸಿದ್ರೆ ಒಳ್ಳೇದು, ಫೋಟೋದಲ್ಲಿ ಬೀಡಿಂಗಿನ ಅಡ್ಡ ಆಕಾರ ಗೊತ್ತಾಗುವುದಿಲ್ಲ. ಆದ್ರೆ ಹಳೇ ಸ್ಟಾಕ್ ಸಿಕ್ಕಿತು, ಒರಿಜಿನಲ್ಲೇ ಅಂತ ಖುಷಿಪಡುವ ಮೊದಲು ಪ್ಯಾಕೆಟ್ ತಿರುಗಿಸಿ ನೋಡಿ, ಎಂಆರ್‌ಪಿ ಜೊತೆಗೆ ತಯಾರಾದ ಅಥವಾ ಪ್ಯಾಕ್ ಮಾಡಿದ ತಿಂಗಳು, ವರ್ಷ ಹಾಕಿರ್ತಾರೆ. ಅಂಗಡಿಯ ಮಾಡಿನಡಿ ಹತ್ತು ವರ್ಷ ಇದ್ದ ಹೋಸಿಗೆ ಗಾಡಿಯಲ್ಲಿರುವುದಕ್ಕಿಂತ ಕಮ್ಮಿ ವಯಸ್ಸಾಗಿರ್ಬಹುದು, ಹೊಸತು ಅಂತೂ ಅಲ್ಲ. ಎದುರಲ್ಲಿ ಬಿಸಿಲಿಗೆ ಮೊಳೆಗೆ ನೇತು ಹಾಕಿದ ಬೆಲ್ಟ್ ನಾನು ತಗೊಳ್ಳುವುದಿಲ್ಲ, ಮೊಳೆ ತಾಗಿದಲ್ಲಿ ಬಾಗಿ, ಬಾಗಿದಲ್ಲಿ ಓಝೋನ್ ತಿಂದಿರ್ತದೆ. ಹಿಂದಿನ ಕಪಾಟಿನೊಳಗಿಂದ ತೆಗೆದು ಕೊಡಿ ಅಂದ್ರೆ ಕೊಡ್ತಾರೆ. ಟೈರಿಗೂ ಇದೇ ಲೆಕ್ಕ, ಮಗ್ಗುಲಲ್ಲಿ ಕೊನೆಯ ನಾಲ್ಕು ಅಂಕೆ ಇರ್ತದೆ, 2319 ಅಂದ್ರೆ 2019ರ 23ನೇ ವಾರ. ಸ್ಟೆಪ್ನಿಯದ್ದು ಓದಿ ನೋಡಿ, ಕಮ್ಮಿ ಓಡಿದ ಓಮ್ನಿಯಲ್ಲಿ ಗಾಡಿ ಬಂದಾಗಿನ ಟೈರೇ ಅಲ್ಲಿರ್ತದೆ, ಗುಂಡಿ (ಟ್ರೆಡ್) ಪೂರ್ತಿ ಉಂಟು, ಕೈಯಲ್ಲಿ ಒತ್ತಿದ್ರೆ ಮಗ್ಗುಲೆಲ್ಲ ಬಿರುಕು.

ಬಿಚ್ಚಿದ ಹಳೇ ರಬ್ಬರನ್ನು ದಯವಿಟ್ಟು ಬಚ್ಚಲ ಒಲೆಗೆ ಹಾಕ್ಬೇಡಿ. ಮಳೆಗಾಲದಲ್ಲಿ ಕಟ್ಟಿಗೆ ಒದ್ದೆ ಇದ್ದಾಗ ಬೆಂಕಿ ಹೊತ್ತಿಸ್ಲಿಕ್ಕೆ ಟೈರ್ ತುಂಡು, ಹೋಸ್ ತುಂಡು ಹಾಕುವ ಮನೆ ನಮ್ಮಲ್ಲಿ ಇನ್ನೂ ಉಂಟು. ಅದರಲ್ಲಿ ಗಂಧಕ ಉಂಟು, ಆ ಕಪ್ಪು ಹೊಗೆ ಸ್ನಾನಕ್ಕೆ ಹೋದವರ ಎದೆಗೇ ಹೋಗುವುದು. ಒಮ್ಮೆ ಗಂಧಕದಲ್ಲಿ ಕಟ್ಟಿದ ರಬ್ಬರನ್ನು ಪ್ಲಾಸ್ಟಿಕ್ಕಿನ ಹಾಗೆ ಕರಗಿಸಿ ಮತ್ತೆ ಎರಕ ಹೊಯ್ಯಲಿಕ್ಕೂ ಆಗುವುದಿಲ್ಲ, ಅದಕ್ಕೇ ಗುಜರಿಯವರು ಸಣ್ಣಪುಟ್ಟ ಹೋಸ್ ಬೇಡ ಅಂತಾರೆ. ಟೈರ್ ತಗೊಳ್ಳುವವರು ಸಿಗ್ತಾರೆ. ಬೀಡಿಂಗ್, ಬುಷ್ ಇಂಥದ್ದನ್ನು ಒಂದು ಗೋಣಿಯಲ್ಲಿ ಸೇರಿಸಿಟ್ಟು ಪಂಚಾಯತಿನ ಒಣಕಸದ ಗಾಡಿಯವರಿಗೆ ಕೊಡಿ. ಬ್ರೇಕ್ ಹೋಸ್ ಮಾತ್ರ ಕೊಡುವ ಮೊದಲು ಮಧ್ಯದಲ್ಲಿ ಕತ್ತರಿಸಿ, ಹೊರಗಿಂದ ಚಂದ ಇದೆ ಅಂತ ಯಾರಾದ್ರೂ ಮತ್ತೆ ಗಾಡಿಗೆ ಹಾಕಿಯಾರು.